ಬೇಕರಿಯ ಮೇಲಿನ ಲ್ಯಾಟಿನ್

ಆ ಬೀದಿಯವರೆಲ್ಲ ಅವಳನ್ನು ಬೇಕರಿಯಮ್ಮ ಎಂದೇ ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಬೇಕರಿಗೂ ಅವಳಿಗೂ ಅಷ್ಟಕ್ಕಷ್ಟೆ. ಹಿಟ್ಟು ನಾದುವುದು, ಒಲೆ ನೋಡಿಕೊಳ್ಳುವುದು ಗಂಡನ ಕೆಲಸ. ಗಲ್ಲಾದಲ್ಲಿ ಕೂರುವುದು ಅತ್ತೆಯ ಹಕ್ಕು. ಅದನ್ನು ಅವರು ಜ್ವರ ಬಂದಾಗಲೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಬೇಕರಿಯಮ್ಮನ ರಾಜ್ಯವಿದ್ದುದು ಮಹಡಿಯ ಮೇಲೆ. ಕೆಳಗಿನ ಒಲೆಯ ಕಾವು ಏರಿ ಮೇಲಿನ ಕೋಣೆಯ ನೆಲ ಸದಾ ಬೆಚ್ಚಗಿರುತ್ತಿತ್ತು. ಚಳಿ ಬಿದ್ದರೆ ಸಾಕು, ಮಕ್ಕಳಿಬ್ಬರೂ ಮೇಜು ಕುರ್ಚಿ ಬಿಟ್ಟು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಅದೇ ಅವರ ಶಾಲೆ, ಅವಳೇ ಅವರ ಮೇಷ್ಟ್ರು.

ಇದು ಶುರುವಾದದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ, ಮಂಗನಬಾವಿನಿಂದ. ಮಗಳು ಗುಬ್ಬಿಗೆ ಆಗ ಏಳು ವರ್ಷ. ಕೆನ್ನೆ ಊದಿಸಿಕೊಂಡು ಮಲಗಿದ ಅವಳಿಗೆ ಹೊತ್ತು ಹೋಗಲೆಂದು ತಾಯಿ ಹಳೆಯ ಕಾವ್ಯವೊಂದರ ಕಥೆಯನ್ನು ಗಟ್ಟಿಯಾಗಿ ಓದತೊಡಗಿದಳು. ಗುಬ್ಬಿ ಏಳುವಷ್ಟರಲ್ಲಿ ತಮ್ಮ ಮಲಗಿದ. ಅವನಿಗಾಗಿ ಕಥೆ ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೂ ಶಾಲೆಗೆ ಮರಳಿದ ದಿನ ಗುಬ್ಬಿ ಸಂಜೆ ಅಳುಮೋರೆ ಹಾಕಿಕೊಂಡು ಬಂದಳು.

"ಯಾರಾದ್ರೂ ಹೊಡೆದ್ರಾ?"

"ಇಲ್ಲ. ಯುದ್ಧ ಅರ್ಧಕ್ಕೇ ನಿಂತಿದೆಯಲ್ಲಮ್ಮ. ಅಲ್ಲಿ ಕೂತ್ಕೊಂಡ್ರೆ ಅದೇ ಯೋಚನೆ."

ಯುದ್ಧ ಮುಗಿಯುವವರೆಗೆ ಮನೆಯಲ್ಲೇ ಇರಲಿ ಎಂದುಕೊಂಡರು. ಆ ಯುದ್ಧ ಮುಗಿಯಿತು, ಇನ್ನೊಂದು ಕಾವ್ಯದ ಇನ್ನೊಂದು ಯುದ್ಧ ಶುರುವಾಯಿತು. ಶಾಲೆಯ ಮಾತು ಹಾಗೇ ಹಿಂದೆ ಸರಿಯಿತು. ಅತ್ತೆ ಮಾತ್ರ ಗಲ್ಲಾದಿಂದಲೇ ಗೊಣಗುತ್ತಿದ್ದರು: "ಊರಿಗೆಲ್ಲ ಒಂದು ದಾರಿ, ನಮ್ಮನೆಯವರಿಗೇ ಒಂದು ದಾರಿ."

ಲ್ಯಾಟಿನ್ ಬಂದದ್ದು ಆಮೇಲೆ. ಹಳೆ ಪುಸ್ತಕದ ಅಂಗಡಿಯಲ್ಲಿ ಅಂದವಾದ ರಟ್ಟು ಕಂಡು ಬೇಕರಿಯಮ್ಮ ಒಂದು ಲ್ಯಾಟಿನ್ ವ್ಯಾಕರಣ ತಂದಳು. ಅವಳಿಗೆ ಆ ಭಾಷೆಯ ಗಂಧವೂ ಇರಲಿಲ್ಲ. ತೆರೆದು ನೋಡಿದರೆ ಒಳಗೆ ಹಳೆ ಪರಿಚಯದವರ ಹಾಗೆ ವಿಭಕ್ತಿಗಳು ಸಾಲಾಗಿ ಕೂತಿದ್ದವು. ಅಯ್ಯೋ, ಇಷ್ಟೇನಾ ಎನಿಸಿ ಧೈರ್ಯ ಬಂತು. ಇಷ್ಟೇ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ಮಕ್ಕಳಿಗೆ ರುಚಿ ಹತ್ತಿಬಿಟ್ಟಿತ್ತು. ಮಕ್ಕಳು ಏಳುವ ಮೊದಲು ಅಡುಗೆಮನೆಯಲ್ಲಿ ಕೂತು ಒಂದು ಪಾಠ ಓದಿಕೊಳ್ಳುವಳು. ಹಾಲಿನ ಲೋಟ ಖಾಲಿಯಾದ ಮೇಲೆ ಅದೇ ಪಾಠವನ್ನು ಹುಟ್ಟಿದಾಗಿನಿಂದ ಬಲ್ಲವಳಂತೆ ಹೇಳಿಕೊಡುವಳು. ಎಲ್ಲರೂ ಮರಿ ಎಂದು ಕರೆಯುತ್ತಿದ್ದ ಮಗ ಒಂದು ದಿನ ಪ್ರಶ್ನೆ ಕೇಳಿದಾಗ ಅವಳು "ಅದು ನಾಳೆ ಬರುತ್ತೆ" ಎಂದಳು.

ಮರಿ ಅವಳ ಮುಖವನ್ನೇ ನೋಡಿದ. "ಅಮ್ಮ, ನೀನು ಅಲ್ಲೀ ತನಕ ಇನ್ನೂ ಓದಿಲ್ಲ, ಅಲ್ವಾ?"

"ಓದಿಲ್ಲ ಕಣೋ. ಬಾ, ಒಟ್ಟಿಗೇ ನೋಡೋಣ."

ಅಂದಿನಿಂದ ನಾಟಕ ನಿಂತಿತು, ಮೂವರೂ ಒಟ್ಟಿಗೇ ಕಲಿತರು. ಸಂಬೋಧನಾ ವಿಭಕ್ತಿಯ ಪಾಠದಲ್ಲಿ ಹಿಟ್ಟು ಎಂಬ ಪದವೂ ಬಂದಾಗ ಮರಿಗೆ ನಗು ತಡೆಯಲಾಗಲಿಲ್ಲ. ಮನುಷ್ಯರನ್ನು ಕರೆಯುವುದು ಸರಿ, ಹಿಟ್ಟಿನ ಮುದ್ದೆಯನ್ನು ಯಾರಾದರೂ ಕರೆಯುತ್ತಾರೆಯೇ ಎಂದು ಅವನ ತಕರಾರು. ಗುಬ್ಬಿ ಅವನ ಕೈ ಹಿಡಿದು ಕೆಳಗೆ ಕರೆದೊಯ್ದಳು. ಅಲ್ಲಿ ಅಪ್ಪ ದೊಡ್ಡ ಹರಿವಾಣದ ಮೇಲಿನ ಒದ್ದೆ ಬಟ್ಟೆ ಸರಿಸಿ, "ಏಳಪ್ಪ, ಏಳು. ಇವತ್ತೇನು ಇಷ್ಟು ಸೋಮಾರಿತನ?" ಎಂದು ಹಿಟ್ಟನ್ನು ಗದರಿಸುತ್ತಿದ್ದ. ಅಂದೇ ಮಕ್ಕಳು ಅವನಿಗೆ ಲ್ಯಾಟಿನ್ನಿನಲ್ಲಿ "ಮಾಸ್ಸಾ, ಸುರ್ಗೆ" ಎಂದು ಹೇಳಲು ಕಲಿಸಿದರು: ಹಿಟ್ಟೇ, ಏಳು. ಅವನಿಗೆ ಬಂದ ಲ್ಯಾಟಿನ್ ಅಷ್ಟೇ. ಅದನ್ನು ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ, ಹೊಸ ಗಿರಾಕಿಗಳು ಬೇಕರಿಯವರಿಗೆ ಏನೋ ಮಂತ್ರ ಗೊತ್ತಿದೆ ಎಂದುಕೊಂಡರು.

ಸಂಗೀತ ತಾಯಿಯ ಸ್ವಂತ ಆಸ್ತಿ. ಮದುವೆಗೆ ಮುಂಚೆ ಅವಳು ಪಿಟೀಲು ಕಲಿತಿದ್ದಳು, ಚೆನ್ನಾಗಿಯೇ ನುಡಿಸುತ್ತಿದ್ದಳು. ಅದನ್ನೇ ಗುಬ್ಬಿಗೆ ಕಲಿಸಿದಳು. ಗುಬ್ಬಿ ಸ್ವಲ್ಪ ದೊಡ್ಡವಳಾದ ಮೇಲೆ ಪಿಟೀಲಿಗಿಂತ ತುಸು ದೊಡ್ಡದಾದ, ದನಿ ತಗ್ಗಿದ ವಿಯೋಲಾ ಬೇಕೆಂದಳು. ಯಾಕೆಂದು ಕೇಳಿದರೆ, "ಇದು ಅಪ್ಪ ಮಾತಾಡಿದ ಹಾಗೆ ಕೇಳಿಸುತ್ತೆ" ಎಂದಳು. ಮರಿಗೆ ಹಳೆಯ ಪಿಯಾನೊ. ಅದರ ಬೆರಳಿನಿಂದ ಒತ್ತುವ ಮನೆಗಳಲ್ಲಿ ಒಂದು ಮೂಕವಾಗಿತ್ತು, ಆ ಸ್ವರ ಬಂದಾಗ ಅವನೇ ಬಾಯಲ್ಲಿ ಹಾಡಿ ತುಂಬುತ್ತಿದ್ದ. ಬೆಳಗಿನ ಜಾವದಿಂದ ದುಡಿದ ಅಪ್ಪ ಮಧ್ಯಾಹ್ನ ಮಲಗುವುದರಿಂದ ಸಂಗೀತವೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಕೆಳಗೆ ಬ್ರೆಡ್ ಕೊಳ್ಳುವವರ ತಲೆಯ ಮೇಲೆ ಅಭ್ಯಾಸದ ಸರಳೆಗಳು ಹತ್ತಿ ಇಳಿಯುತ್ತಿದ್ದವು. ಎದುರು ಅಂಗಡಿಯ ದರ್ಜಿ, "ನಿನ್ನೆಗಿಂತ ಇವತ್ತು ಪರವಾಗಿಲ್ಲ" ಎಂದು ಅತ್ತೆಗೆ ದಿನವೂ ವರದಿ ಒಪ್ಪಿಸುತ್ತಿದ್ದ. ಅತ್ತೆ, "ಹೊಟ್ಟೆಗೆ ಹಿಟ್ಟೇನೋ ನಾವು ಕೊಡ್ತೀವಿ, ಜುಟ್ಟಿಗೆ ಮಲ್ಲಿಗೆ ಅವಳು ಮುಡಿಸ್ತಾಳೆ" ಎನ್ನುತ್ತಿದ್ದರು. ಅದು ಬೈಗುಳವೋ ಹೊಗಳಿಕೆಯೋ ಸೊಸೆಗೆ ತಿಳಿಯುತ್ತಿರಲಿಲ್ಲ. ಅವಳು ಕೇಳಲೂ ಹೋಗಲಿಲ್ಲ.

ಹೀಗೆ ಗುಬ್ಬಿಗೆ ಹದಿಮೂರು ತುಂಬಿತು. ಒಂದು ಮಧ್ಯಾಹ್ನ ತಾಯಿ ಮಗಳು ಬೇಕರಿಯ ಬಿಳಿ ಬಟ್ಟೆಗಳನ್ನು ಎರಡು ತುದಿ ಹಿಡಿದು ಮಡಚುತ್ತಿದ್ದರು. ಕೆಳಗೆ ಶಾಲೆ ಬಿಟ್ಟ ಹುಡುಗಿಯರು ಬನ್ನು ಕೊಳ್ಳಲು ಬಂದು ಗಲಗಲ ಮಾಡುತ್ತಿದ್ದರು. ಗುಬ್ಬಿ ಕಿಟಕಿಯ ಕಡೆ ನೋಡಿ, ಬಟ್ಟೆಯ ಕಡೆ ನೋಡಿ ಹೇಳಿದಳು:

"ಅಮ್ಮ, ನಾನು ಶಾಲೆಗೆ ಹೋಗ್ತೀನಿ."

ತಾಯಿಯ ಕೈ ನಿಂತಿತು. "ಯಾಕೆ? ಇಲ್ಲಿ ಏನು ಕಮ್ಮಿಯಾಗಿದೆ?"

"ಏನೂ ಕಮ್ಮಿಯಾಗಿಲ್ಲ. ಅಲ್ಲಿ ವಾದ್ಯಮೇಳ ಇದೆಯಂತೆ, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ನುಡಿಸ್ತಾರಂತೆ. ನಾನು ಯಾವಾಗ್ಲೂ ಒಬ್ಬಳೇ ನುಡಿಸ್ತೀನಿ." ಬಟ್ಟೆಯ ತುದಿ ಜೋಡಿಸುತ್ತ ಮತ್ತೆ ಹೇಳಿದಳು. "ಅವರು ಏನಕ್ಕೆ ಅಷ್ಟೊಂದು ನಗ್ತಾರೆ ಅಂತ್ಲೂ ಗೊತ್ತಾಗಬೇಕು ನಂಗೆ."

ಬೇಕರಿಯಮ್ಮ ಮಡಚಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೊಮ್ಮೆ ಮಡಚಿದಳು. ಇಷ್ಟು ವರ್ಷ ಕೈತುತ್ತು ಹಾಕಿದವಳಿಗೆ ಮಗು ತಟ್ಟೆ ದೂಡಿದಾಗ ಆಗುವಂಥ ನೋವು. ಗಂಡ ನಿದ್ದೆಯಿಂದೆದ್ದು ಮುಖ ತೊಳೆದು ಕೂತಾಗ ಅವಳು ಹೇಳಿಯೇಬಿಟ್ಟಳು:

"ರೀ, ನಾನು ಕಲಿಸಿದ್ದು ಸಾಲ್ಲಿಲ್ವಂತೆ ನಿಮ್ಮ ಮಗಳಿಗೆ."

ಅವನು ಚಹಾ ಆರಿಸಿಕೊಳ್ಳುತ್ತ ಕೇಳಿದ. "ಹಾಗಂತ ಅವಳು ಅಂದ್ಲಾ?"

"ಹಾಗೆ ಅನ್ಲಿಲ್ಲ."

"ಮತ್ತೆ? ಹಿಟ್ಟು ಹದವಾಗಿ ಉಬ್ಬಿದ ಮೇಲೂ ಹರಿವಾಣದಲ್ಲೇ ಇಟ್ಕೊಂಡಿದ್ರೆ ಹುಳಿ ಬರುತ್ತೆ. ನೀನು ಕೆಟ್ಟದಾಗಿ ನಾದಿದ್ದೀಯ ಅಂತ ಅಲ್ಲ ಅದರರ್ಥ."

ಎಲ್ಲಕ್ಕಿಂತ ಹೆಚ್ಚು ರೇಗಿದವರು ಅತ್ತೆ. ಆರು ವರ್ಷ ಶಾಲೆ ಶಾಲೆ ಎಂದು ತಲೆ ತಿಂದವರು ಈಗ, "ಮನೇಲೇ ಮೇಷ್ಟ್ರು ಇರೋವಾಗ ಅಲ್ಲಿಗ್ಯಾಕೆ? ಬೆಳಿಗ್ಗೆ ಈ ಮನೇಲಿ ಯಾರು ಕುಯ್ಯೋದು ಆ ವಾದ್ಯಾನ?" ಎಂದು ಹಟ ಹಿಡಿದರು. ಬೆಳಗಿನ ಆ ಸಂಗೀತ ತನ್ನ ಅತ್ತೆಗೆ ಬೇಕಾಗಿತ್ತೆಂದು ಬೇಕರಿಯಮ್ಮನಿಗೆ ತಿಳಿದದ್ದು ಅಂದೇ. ಅವಳಿಗೆ ನಗು ಬಂತು. ನಗು ಬಂದ ಮೇಲೆ ನೋವೂ ಸ್ವಲ್ಪ ಇಳಿಯಿತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಗುಬ್ಬಿಯನ್ನು ಒಂದು ಬೆಳಿಗ್ಗೆಯೆಲ್ಲ ಕೂರಿಸಿಕೊಂಡು ಪರೀಕ್ಷಿಸಿದರು. ತಾಯಿ ಹೊರಗಿನ ಬೆಂಚಿನಲ್ಲಿ ತಾನೇ ಪರೀಕ್ಷೆ ಬರೆಯುತ್ತಿರುವವಳಂತೆ ಬೆವರಿದಳು. ಕೊನೆಗೆ ಅವಳನ್ನೂ ಒಳಗೆ ಕರೆದರು.

"ನಿಮ್ಮ ಮಗಳ ಓದು, ಬರಹ ಎರಡೂ ಬಹಳ ಚೆನ್ನಾಗಿವೆ. ನಮ್ಮಲ್ಲಿ ಲ್ಯಾಟಿನ್ ಇಲ್ಲ, ಹಾಗಾಗಿ ಅದರ ಬಗ್ಗೆ ನಾನೇನೂ ಹೇಳಲಾರೆ. ಆದರೆ ಗಣಿತ ಹಿಂದಿದೆ. ಅದೊಂದಕ್ಕೆ ಕೆಳಗಿನ ತರಗತಿಯಲ್ಲಿ ಕೂರಬೇಕಾಗುತ್ತೆ."

ಬೇಕರಿಯಮ್ಮನ ಕಿವಿ ಬಿಸಿಯಾಯಿತು. ಮಾತು ನಿಜ. ತನಗೆ ಇಷ್ಟವಾದದ್ದನ್ನು ಅವಳು ಮನಸಾರೆ ಕಲಿಸಿದ್ದಳು. ಬೀಜಗಣಿತ ಬಂದಾಗಲೆಲ್ಲ ಹೊರಗೆ ಬಿಸಿಲು ಚೆನ್ನಾಗಿದೆ, ಒಂದು ಸುತ್ತು ಹೋಗಿಬರೋಣ ಎನಿಸುತ್ತಿತ್ತು. ಚಿಕ್ಕ ಮಕ್ಕಳ ಜೊತೆ ಕೂರಬೇಕೆಂದರೆ ಮಗಳಿಗೆ ಅವಮಾನವಾಗುತ್ತದೇನೋ ಎಂದು ಅತ್ತ ನೋಡಿದರೆ, ಗುಬ್ಬಿ ಕಿಟಕಿಯಾಚೆಯ ಮೈದಾನದಲ್ಲಿ ಕಣ್ಣು ನೆಟ್ಟಿದ್ದಳು.

"ಕೂತ್ಕೊತೀನಿ," ಎಂದಳು, "ಇವತ್ತಿಂದಾನೇ ಬರಬಹುದಾ?"

ಮೊದಲ ದಿನಗಳಲ್ಲಿ ಗುಬ್ಬಿ ಶಾಲೆಯಲ್ಲಿ ಸಾಕಷ್ಟು ನಗೆಪಾಟಲಾದಳು. ಮಾತಾಡಬೇಕೆಂದರೆ ಕೈ ಎತ್ತಬೇಕೆಂಬುದು ಅವಳಿಗೆ ಮರೆತೇಹೋಗಿತ್ತು. ಗಂಟೆ ಹೊಡೆದ ಮೇಲೂ ಪುಟ ಮುಗಿಯುವವರೆಗೆ ಏಳುತ್ತಿರಲಿಲ್ಲ. ಎಲ್ಲವನ್ನೂ ಮನೆಗೆ ಬಂದು ಅಭಿನಯಿಸಿ ತೋರಿಸುವಳು. ಆದರೆ ಮನೆಯ ಹಗಲು ಮಾತ್ರ ಬೇಕರಿಯಮ್ಮನಿಗೆ ಭಣಭಣ ಎನಿಸುತ್ತಿತ್ತು. ಪಾಠ ಓದಿ ಮುಗಿಸಿ ತಲೆಯೆತ್ತಿದರೆ ಎದುರಿಗೆ ಒಂದೇ ಮುಖ. ಅಮ್ಮ ಪೂರ್ತಿ ತನಗೇ ಸಿಕ್ಕಳೆಂದು ಮರಿ ಮೊದಲು ಹಿಗ್ಗಿದ. ಆಮೇಲೆ ಎಲ್ಲ ಪ್ರಶ್ನೆಗಳೂ ತನ್ನ ತಲೆಗೇ ಬರುತ್ತವೆಂದು ಅರಿವಾಗಿ, "ಅಕ್ಕ ಇದ್ದಾಗ ಅರ್ಧ ಅವಳು ಹೇಳ್ತಿದ್ಲು" ಎಂದು ಗೋಳಾಡಿದ. ನಿಧಾನವಾಗಿ ಇಬ್ಬರೂ ಹೊಂದಿಕೊಂಡರು. ಗಂಡನ ಒತ್ತಾಯದಿಂದ ಅವಳು ಮರಿಯ ಬೀಜಗಣಿತವನ್ನು ಬೆಳಗಿನ ಮೊದಲ ಪಾಠವಾಗಿಸಿದಳು, ಬಿಸಿಲು ಎಷ್ಟೇ ಚೆನ್ನಾಗಿರಲಿ.

ವರ್ಷದ ಕೊನೆಗೆ ಶಾಲೆಯಲ್ಲಿ ಸಂಗೀತ ಕಾರ್ಯಕ್ರಮವಿತ್ತು. ಮನೆಮಂದಿಯೆಲ್ಲ ಹೋದರು, ಅತ್ತೆ ಅಂಗಡಿ ಮುಚ್ಚಿ ಬಂದದ್ದೇ ಬೀದಿಗೆ ದೊಡ್ಡ ಸುದ್ದಿಯಾಯಿತು. ವಾದ್ಯಮೇಳದಲ್ಲಿ ಗುಬ್ಬಿ ಹಿಂದಿನ ಸಾಲಿನ ಮೂಲೆಯಲ್ಲಿದ್ದಳು. ಬೇಕರಿಯಮ್ಮ ಕಣ್ಣುಮುಚ್ಚಿ ಅಷ್ಟು ನಾದದ ನಡುವೆ ಮಗಳ ದನಿಯೊಂದನ್ನೇ ಹೆಕ್ಕಲು ಹೊರಟಳು. ಸಿಗಲಿಲ್ಲ. ಆರು ವರ್ಷ ದಿನವೂ ಕೇಳಿದ ದನಿ, ಸಾವಿರದಲ್ಲಿಟ್ಟರೂ ಗುರುತಿಸುತ್ತೇನೆ ಎಂದುಕೊಂಡಿದ್ದಳು. ಕಣ್ಣು ಬಿಟ್ಟು ನೋಡಿದರೆ ಗುಬ್ಬಿಯ ಕಮಾನು ಪಕ್ಕದವಳ ಕಮಾನಿನ ಜೊತೆಯಲ್ಲೇ ಏರುತ್ತಿತ್ತು, ಜೊತೆಯಲ್ಲೇ ಇಳಿಯುತ್ತಿತ್ತು. ಹುಡುಗಿಯ ಮುಖದಲ್ಲಿ ಬೇಕರಿಯಮ್ಮ ಮನೆಯಲ್ಲಿ ಎಂದೂ ಕಾಣದ ಒಂದು ನಿರಾಳವಿತ್ತು. ತಾಯಿ ಹುಡುಕುವುದನ್ನು ಬಿಟ್ಟು ಸುಮ್ಮನೆ ಕೇಳಿದಳು.

ಗಣಿತದ ತರಗತಿಯಲ್ಲಿ ಗುಬ್ಬಿಗೆ ತನಗಿಂತ ಚಿಕ್ಕವಳಾದ ಒಬ್ಬ ಗೆಳತಿ ಸಿಕ್ಕಿದ್ದಳು. ಕಟ್ಟುನಿಟ್ಟಿನ, ಕಡಿಮೆ ಮಾತಿನ ಹುಡುಗಿ. ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ, ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುತ್ತಿದ್ದಳು. ರಜೆ ಶುರುವಾದೊಡನೆ ಅವಳು ತನ್ನಷ್ಟೇ ಎತ್ತರದ ಪೆಟ್ಟಿಗೆಯನ್ನು ಬೇಕರಿಯ ಕಿರಿದಾದ ಮೆಟ್ಟಿಲಲ್ಲಿ ಹತ್ತಿಸಿಕೊಂಡು ಬಂದಳು. ವಿಯೋಲಾ ಇದೆ, ಚೆಲ್ಲೊ ಇದೆ, ಮೂವರು ನುಡಿಸುವ ಕೃತಿಯೂ ಕೈಯಲ್ಲಿದೆ. ಪಿಟೀಲು ಮಾತ್ರ ಇಲ್ಲ.

"ನಿಮ್ಮಮ್ಮ ನುಡಿಸಲ್ವಾ?" ಎಂದಳು ಗೆಳತಿ.

ಗುಬ್ಬಿ ತಾಯಿಯ ಕಡೆ ನೋಡಿದಳು. ಬೇಕರಿಯಮ್ಮ ಕಲಿಸಲು ಪಿಟೀಲು ಹಿಡಿದಿದ್ದಳೇ ಹೊರತು ತನಗೋಸ್ಕರ ಒಂದು ಕೃತಿಯನ್ನು ಪೂರ್ತಿ ನುಡಿಸಿ ಎಷ್ಟೋ ವರ್ಷಗಳಾಗಿದ್ದವು. ಬೇಡಮ್ಮ, ಬೆರಳು ಬಗ್ಗಲ್ಲ ಎಂದಳು. ಹೇಳುತ್ತಲೇ ತಂತಿಗಳನ್ನು ಶ್ರುತಿ ಮಾಡತೊಡಗಿದ್ದಳು.

ಮೊದಲ ಪುಟ ದಾಟುವ ಮೊದಲೇ ಚೆಲ್ಲೊ ನಿಂತಿತು.

"ಆಂಟಿ, ನೀವು ಓಡ್ತಾ ಇದ್ದೀರಿ. ಕಷ್ಟದ ಜಾಗ ಬಂದಾಗ ಬೇಗ ದಾಟಿಬಿಡೋಣ ಅಂತ ಓಡ್ತೀರಿ. ನಮಗೂ ಸ್ವಲ್ಪ ಕಾಯಿರಿ."

ಮರಿ ಪಿಯಾನೊ ಹಿಂದೆ ಮುಖ ಮರೆಸಿಕೊಂಡ. ಆ ಕೋಣೆಯಲ್ಲಿ ತಪ್ಪು ತಿದ್ದುವವಳು ಇಷ್ಟು ದಿನ ಒಬ್ಬಳೇ ಇದ್ದಳು. ಬೇಕರಿಯಮ್ಮನಿಗೆ ಮಾತ್ರ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ತಿದ್ದಿಸಿಕೊಳ್ಳುವುದು ಇಷ್ಟು ಹಗುರ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು.

"ಎಲ್ಲಿಂದ ತಗೊಳ್ಳೋಣ ಮಗಳೇ?" ಎಂದು ಕೇಳಿ ಪಿಟೀಲನ್ನು ಗಲ್ಲಕ್ಕಿಟ್ಟುಕೊಂಡಳು.

ಆ ರಜೆ ಕಳೆದ ಮೇಲೂ ಮೂವರ ಕೂಟ ನಿಲ್ಲಲಿಲ್ಲ. ಬೇಕರಿಗೆ ವಾರದ ಬಿಡುವಿನ ದಿನ ಗೆಳತಿ ಪೆಟ್ಟಿಗೆ ಹೊತ್ತು ಬರುವಳು. ಬೇಕರಿಯಮ್ಮ ಈಗ ಬೆಳಿಗ್ಗೆ ಬೇಗ ಏಳುವುದು ಲ್ಯಾಟಿನ್ನಿಗಾಗಿ ಅಲ್ಲ, ತನ್ನ ಅಭ್ಯಾಸಕ್ಕಾಗಿ. ಹಾಗಾಗಿ ವ್ಯಾಕರಣದಲ್ಲಿ ಮರಿ ಅವಳಿಗಿಂತ ಎರಡು ಪಾಠ ಮುಂದೆ ಹೋಗಿದ್ದಾನೆ. ಗೊತ್ತಾಗದಿದ್ದರೆ ಅವಳು ಅವನನ್ನೇ ಕೇಳುತ್ತಾಳೆ, ಅವನು ತುಸು ಬಿಂಕದಿಂದ ಹೇಳಿಕೊಡುತ್ತಾನೆ. ನೀನೂ ಶಾಲೆಗೆ ಹೋಗ್ತೀಯಾ ಎಂದು ಕೇಳಿದ್ದಳು. "ಈ ಯುದ್ಧದಲ್ಲಿ ಯಾರು ಗೆಲ್ತಾರೆ ನೋಡ್ಕೊಂಡು ಹೇಳ್ತೀನಿ" ಎಂದ.

ಗೆಳತಿಗೂ ನಾಲ್ಕು ಮಾತು ಲ್ಯಾಟಿನ್ ಕಲಿಸುವ ಆಸೆ ಬೇಕರಿಯಮ್ಮನಿಗೆ. ಒಂದು ದಿನ ಕೇಳಿಯೂ ನೋಡಿದಳು. ಹುಡುಗಿ ಕಮಾನಿಗೆ ರಾಳ ತಿಕ್ಕುತ್ತ, "ಬೇಡ ಆಂಟಿ, ನಿಮಗೆ ತಾಳ ಕಲಿಸೋದೇ ನಂಗೆ ಬೇಕಾದಷ್ಟಾಗಿದೆ" ಎಂದಳು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ಅದನ್ನು ಕೇಳಿ ಎಷ್ಟು ನಕ್ಕರೆಂದರೆ, ಒಳಗೆ ಮಲಗಿದ್ದ ಬೇಕರಿಯಮ್ಮನ ಗಂಡ ಎದ್ದು ಬಂದು ಏನಾಯಿತೆಂದು ಕೇಳಿದ. ಎದ್ದದ್ದು ಎದ್ದಾಯಿತು, ಕೇಳಿಕೊಂಡೇ ಹೋಗಿ ಎಂದು ಹೆಂಡತಿ ಅವನಿಗೂ ಒಂದು ಕುರ್ಚಿ ಎಳೆದಳು.