ದೆವ್ವದ ಕಥೆಯ ವಿಶಾಲಾಕ್ಷಿ ಟೀಚರ್

ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದ ವಿಶಾಲಾಕ್ಷಿ ಟೀಚರ್ ಹೊಸನಗರದಲ್ಲಿ ಹೆಸರಾಗಿದ್ದು ದೆವ್ವದ ಕಥೆಗೆ. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಮೂರನೇ ಕ್ಲಾಸಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಓದುತ್ತಿದ್ದರು. ದೆವ್ವ ಬಾಗಿಲು ತಟ್ಟುವ ಹೊತ್ತಿಗೆ ಅವರ ದನಿ ನಡುಗುತ್ತಿತ್ತು. ಅದು ನಾಟಕವಲ್ಲ, ನಿಜವಾದ ಪುಕ್ಕಲುತನ. "ನಂಗೇ ಕೈಕಾಲು ತಣ್ಣಗಾಯ್ತು ಮಕ್ಳೇ, ಈಗೆಂತ ಮಾಡೋದು?" ಎಂದು ಪುಸ್ತಕ ಮಡಿಲಿಗಿಟ್ಟುಬಿಡುವರು. ಆಗ ಮಕ್ಕಳೇ ಅವರಿಗೆ ಧೈರ್ಯ ಹೇಳಬೇಕು. ಒಬ್ಬ ಪೊರಕೆ ತರುತ್ತೇನೆ ಎಂದರೆ, ಇನ್ನೊಬ್ಬಳು ದೆವ್ವಕ್ಕೆ ಹಸಿವಾಗಿರಬೇಕು, ದೋಸೆ ಕೊಡೋಣ ಎನ್ನುವಳು.

ನನ್ನ ಮಗಳು ಸಿಂಚನ ಅದೇ ಕ್ಲಾಸಿನಲ್ಲಿದ್ದಳು. ಆ ವರ್ಷ ಅವಳ ಅಮ್ಮ ಕಾಯಿಲೆಯಿಂದ ತೀರಿಕೊಂಡಿದ್ದಳು. ಮಗು ಅಳಲಿಲ್ಲ, ಅಮ್ಮನ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಅದೇ ದಿಗಿಲು. ಇಂಥ ಮಗುವಿಗೆ ದೆವ್ವದ ಕಥೆ ಬೇರೆ ಕೇಡು ಎಂದು ಸಿಟ್ಟಿನಿಂದಲೇ ಶಾಲೆಗೆ ಹೋದೆ.

"ಹೆದ್ರಿಕೆ ನಾನು ಕೊಡೋದಲ್ಲ ಮಾರಾಯ್ರೆ," ಎಂದರು ಟೀಚರ್. "ಅದು ಮಕ್ಳ ಹೊಟ್ಟೇಲಿ ಮೊದ್ಲೇ ಕೂತಿರುತ್ತೆ. ಕಥೇಲಾದ್ರೆ ಅದಕ್ಕೊಂದು ಮೂತಿ ಇರುತ್ತೆ. ಬೈಬಹುದು, ಓಡಿಸ್ಬಹುದು. ನಿಮ್ಮ ಮಗಳು ಬೇರೆ ಎಂತದೂ ಮಾತಾಡಲ್ಲ. 'ಮುಂದೆ ಓದಿ ಟೀಚರ್' ಅಂತ ಮಾತ್ರ ಅಂತಾಳೆ."

ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೂ ಸುಮ್ಮನಾದೆ. ಬೇರೆ ಪೋಷಕರು ಸುಮ್ಮನಾಗಲಿಲ್ಲ. ಮಕ್ಕಳು ಬಚ್ಚಲಿಗೂ ಒಬ್ಬರೇ ಹೋಗುತ್ತಿಲ್ಲವೆಂದು ಸಭೆಯಲ್ಲಿ ಗಲಾಟೆಯಾಗಿ ಕಥೆ ನಿಂತಿತು. ಟೀಚರ್ ವಾದಿಸಲಿಲ್ಲ, ಗಲಾಟೆಗೂ ಅವರಿಗೆ ಹೆದರಿಕೆ. "ಅರ್ಧಕ್ಕೆ ನಿಲ್ಸಿದ್ರೆ ದೆವ್ವ ಮಕ್ಳ ತಲೇಲೇ ಉಳಿಯುತ್ತೆ" ಎಂದು ಪೇಚಾಡಿ, ಓದುತ್ತಿದ್ದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಕೊನೆಯವರೆಗೂ ನಾನೇ ಮಗಳಿಗೆ ಓದಿ ಹೇಳಬೇಕೆಂದು ತಾಕೀತು. ಸಂಜೆ ಹೊತ್ತು ಓದಿ ಮುಗಿಸಿದೆ. ದೆವ್ವ ಬಂದಾಗ ಮಗಳು ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು, ಅಷ್ಟೇ.

ಬೇಸಿಗೆಯಲ್ಲಿ ಟೀಚರ್ ನಿವೃತ್ತರಾಗಿ ಸಾಗರದ ತಂಗಿಯ ಮನೆಗೆ ಹೊರಟರು. ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಕಿಟಕಿಯಿಂದ ಕೈ ಚಾಚಿ ಮಗಳ ಕೆನ್ನೆ ತಟ್ಟಿ, "ಬರ್ತೀನಿ ಪುಟ್ಟಿ" ಎಂದರು.

ಬಸ್ಸು ಹೊರಟ ಮೇಲೆ ಮಗಳು ಕೇಳಿದಳು, "ಅಪ್ಪ, ಸಾಯೋವಾಗ ಅಮ್ಮಂಗೆ ಹೆದ್ರಿಕೆ ಆಗಿತ್ತಾ?"

ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದು ಕೂತಿದ್ದವನು ನಾನು. ಇಲ್ಲ ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ.

"ಆಗಿತ್ತು ಪುಟ್ಟಿ, ತುಂಬಾ" ಎಂದೆ.

ಮಗಳು ಅಲ್ಲೇ ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ಇನ್ನೇನು ಮಾಡಬೇಕೆಂದು ಟೀಚರನ್ನು ಕೇಳೋಣವೆಂದರೆ, ಸಾಗರದ ಬಸ್ಸು ಆಗಲೇ ತಿರುವು ದಾಟಿತ್ತು.