ಒಂದೇ ಸ್ವರದ ಯಂತ್ರ

ಬುಧವಾರ ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆನೆಂದರೆ ಅದು ನನ್ನ ಸ್ಮರಣಶಕ್ತಿಯ ಹೆಚ್ಚುಗಾರಿಕೆಯಲ್ಲ. ಆ ಹೊತ್ತಿಗೆ ನಾನು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ, ವೇಳೆಯನ್ನು ಅದೇ ಬರೆದಿಟ್ಟುಕೊಂಡಿದೆ. ನಲವತ್ತು ಸೆಕೆಂಡಿನ ಆ ಚಿತ್ರದಲ್ಲಿ ಮಾಳಮಡ್ಡಿಯ ನಮ್ಮ ನಡುಮನೆಯಿದೆ, ಜಮಖಾನೆಯ ಮೇಲೊಂದು ಸಿಂಥಸೈಜರ್ ಇದೆ, ಅದಕ್ಕೆ ಕುಂಕುಮ ಹಚ್ಚುತ್ತಿರುವ ನನ್ನ ಸೋದರತ್ತೆ, ಎಲ್ಲರ ಬಾಯಲ್ಲೂ ಅತ್ಯಾ, ಇದ್ದಾರೆ. ನಾನು ಕಾಣುವುದಿಲ್ಲ, ನನ್ನ ದನಿ ಮಾತ್ರ ಕೇಳಿಸುತ್ತದೆ. ಆ ದನಿ ಹನ್ನೊಂದು ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಸಿಂಥಸೈಜರ್ ಎಂದರೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ವಾದ್ಯ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಬಿಡುವಿನಲ್ಲಿ ಕಂಪ್ಯೂಟರಿನೊಳಗೆ ಸಂಗೀತ ಜೋಡಿಸುತ್ತ ನಲವತ್ತು ದಾಟಿದವನಿಗೆ, ಕೈಗೆ ಸಿಗುವ, ಗುಂಡಿ ತಿರುವಿದರೆ ದನಿ ಬದಲಿಸುವ ಒಂದು ನಿಜವಾದ ಪೆಟ್ಟಿಗೆ ಬೇಕೆನಿಸಿತು. ಮೊದಲನೆಯದು ಯಾವುದಿರಬೇಕು? ಮೂರು ತಿಂಗಳು ಗುಣವಿಶೇಷಗಳ ಪಟ್ಟಿಗಳನ್ನು ಪಾರಾಯಣ ಮಾಡಿದೆ. "ಮನಿ ಕಟ್ಟಬೇಕಾದ್ರೂ ನಿಮ್ಮಪ್ಪ ಇಷ್ಟು ವಿಚಾರ ಮಾಡಿರಲಿಲ್ಲಪಾ" ಎಂದರು ಅತ್ಯಾ. ಕಡೆಗೆ ಕೇಶ್ವಾಪುರದಲ್ಲಿ ರೆಕಾರ್ಡಿಂಗ್ ಕೋಣೆಯಿಟ್ಟಿರುವ ಗೆಳೆಯ ಅರವಿಂದ, ಕೊಳ್ಳುವ ಮೊದಲು ನುಡಿಸಿ ನೋಡೆಂದು ತನ್ನ ದೊಡ್ಡ ಯಂತ್ರವನ್ನೇ ವಾರದ ಮಟ್ಟಿಗೆ ಕೊಟ್ಟ.

ಅತ್ಯಾ ಐವತ್ತು ವರ್ಷ ಹಾಡು ಕಲಿಸಿದವರು. ಹೊಸ ವಾದ್ಯ ಹೊಸ್ತಿಲು ದಾಟಿತೆಂದರೆ ಅದಕ್ಕೆ ಕುಂಕುಮ, ಹೂವು, ಸಕ್ಕರೆಯ ನೈವೇದ್ಯ, ನೈವೇದ್ಯದ ಸುತ್ತ ನೀರು. ಅಲ್ಲಿಯವರೆಗೆ ಯಾರೂ ಅದನ್ನು ನುಡಿಸುವಂತಿಲ್ಲ. ತಂಬೂರಿಗೆ ತಂತಿಯಿರುತ್ತದೆ, ವಾಯರಿರುವುದಿಲ್ಲ. ಈ ಭೇದವನ್ನು ಹೇಳಬೇಕಾಗಿದ್ದ ಭೌತಶಾಸ್ತ್ರದ ಮಾಸ್ತರರು ಆಗ ಛಾಯಾಗ್ರಹಣದಲ್ಲಿ ತಲ್ಲೀನರಾಗಿದ್ದರು.

"ಅತ್ಯಾ, ಸ್ವಲ್ಪ ಈ ಕಡೆ ನೋಡು. ನಗು."

ಅವರು ನೋಡಿದರು, ನಕ್ಕರು. ಕೈಯೊಳಗಿನ ತಂಬಿಗೆ ವಾಲಿ ನೀರು ನೆಲದ ಮೇಲಿದ್ದ ಎಕ್ಸ್‌ಟೆನ್ಶನ್ ಬಾಕ್ಸಿನತ್ತ ಹರಿಯಿತು. ಹಸಿಯಾದದ್ದನ್ನು ಬದಿಗೆ ಸರಿಸುವುದು ಅವರ ಹುಟ್ಟುಗುಣ. ಸರಿಸಲು ಕೈ ಹಾಕಿದರು. ಆ ಕೈ ಅಲ್ಲೇ ಕಚ್ಚಿಕೊಂಡಿತು. ಮುಂದಿನ ಆರು ಸೆಕೆಂಡು ಅವರ ಇಡೀ ಮೈ ನಡುಗುತ್ತಿತ್ತು, ನನ್ನ ಮೊಬೈಲು ಮಾತ್ರ ಅಲುಗದೆ ನಿಂತಿತ್ತು. ಪಾಠಕ್ಕೆಂದು ಆಗಷ್ಟೇ ಒಳಗೆ ಬಂದ ಅವರ ಶಿಷ್ಯೆ ಗಿರಿಜಾ, ಪೂಜೆಗಿಟ್ಟಿದ್ದ ಕಟ್ಟಿಗೆಯ ಮಣೆಯನ್ನೆತ್ತಿ ಬಾಕ್ಸನ್ನು ಅವರ ಕೈಯಿಂದ ಹೊಡೆದು ಬಿಡಿಸಿದಳು.

"ಏನ್ ನೋಡಾಕತ್ತೀರಿ ಸರ? ಮೇನ್ ಬಂದ್ ಮಾಡ್ರಿ ಮೊದ್ಲ!"

ಎರಡು ಬೆರಳು ಸುಟ್ಟಿದ್ದವು. ಹೃದಯಕ್ಕೆ ಏನೂ ಆಗಿಲ್ಲವೆಂದರು ಡಾಕ್ಟರು. ಮರುದಿನವೇ ನಾನು ಯಂತ್ರವನ್ನು ಮರಳಿಸಿ, ಸಂಗೀತದ ಸಹವಾಸವೇ ಸಾಕೆಂದೆ. ಅಂದಿನಿಂದ ರಾತ್ರಿಗೆ ಮೂರು ಸಲ ಎದ್ದು ಮೇನ್ ಸ್ವಿಚ್ ಮುಟ್ಟಿ ನೋಡುವುದು, ಅತ್ಯಾನ ಬಾಗಿಲಲ್ಲಿ ನಿಂತು ಉಸಿರು ಕೇಳುವುದು, ಬಂದು ವಿಡಿಯೋ ನೋಡುವುದು. ನೀವೂ ಎಂದಾದರೂ ಹೀಗೆ ಆಗಿಹೋದದ್ದನ್ನು ಮತ್ತೆ ಮತ್ತೆ ನೋಡಿದವರಾಗಿದ್ದರೆ ಬಲ್ಲಿರಿ: ಈ ಸಲವಾದರೂ ನಾನು ಓಡಿಹೋಗಿ ಸ್ವಿಚ್ ಆರಿಸಿಯೇನು ಎಂಬ ಮೂರ್ಖ ಆಸೆ ಪ್ರತಿ ಸಲವೂ ಇರುತ್ತದೆ.

ಹನ್ನೆರಡನೆಯ ದಿನ, ಭಾನುವಾರ ಬೆಳಿಗ್ಗೆ, "ಅದನ್ನ ನನಗೂ ತೋರಸು" ಎಂದರು ಅತ್ಯಾ. ಪೂರ್ತಿ ನೋಡಿದರು.

"ಅಯ್ಯ, ನಿರಿಗಿ ಹೆಂಗ ಬಿಚ್ಯಾವ ನೋಡು. ಮೊದಲ ಹೇಳಬಾರದಾಗಿತ್ತೇನು?"

"ನಾನ ನಗು ಅಂದೆ, ಅತ್ಯಾ. ಅದಕ್ಕ ಹಿಂಗಾತು."

"ನೀ ನಗು ಅಂದಿ, ನಾ ನಕ್ಕೆ. ಅದರಾಗ ತಪ್ಪೇನದ? ಶಾಕ್ ಹೊಡದದ್ದು ನನಗ, ಹಾಡು ಬಿಟ್ಟಾಂವ ನೀನು. ಏಳು, ಕೇಶ್ವಾಪುರಕ್ಕ ಹೋಗೂಣು."

ಕೇಶ್ವಾಪುರದ ಬಸ್ಸು ಹತ್ತಿದೆವು.

ಅರವಿಂದ ಮತ್ತೆ ಆ ದೊಡ್ಡದನ್ನೇ ಮುಂದಿಟ್ಟ. "ಇದರಾಗ ಆರುನೂರು ಧ್ವನಿ ಅದಾವ್ರಿ ಅತ್ಯಾ."

"ಅಷ್ಟು ಮಂದಿ ಒಮ್ಮೆಲೆ ಮನಿಗೆ ಬಂದ್ರ ಚಹಾ ಮಾಡೋರು ಯಾರೋ?" ಎಂದು ಅವರು ಮೂಲೆಯ ಸಣ್ಣ ಪೆಟ್ಟಿಗೆಯತ್ತ ಬೆರಳು ತೋರಿದರು.

ಅರವಿಂದ ಸಂಕೋಚದಿಂದ, "ಅದು ಭಾಳ ಸಾದಾ ಅದರಿ. ಒಮ್ಮೆಗೆ ಒಂದ ಸ್ವರ ನುಡೀತದ" ಎಂದ.

"ನಾನೂ ಅಷ್ಟನಪಾ. ಇನ್ನೊಂದು ಗಂಟಲಾ ಎಲ್ಲಿಂದ ತರ್ಲಿ?"

ಅದರ ಸ್ವಿಚ್ಚಿನ ಬಳಿ ಹೋದ ನನ್ನ ಕೈ ಅಲ್ಲೇ ನಿಂತಿತು. ಅತ್ಯಾ ಬ್ಯಾಂಡೇಜಿನ ತಮ್ಮ ಕೈಯನ್ನು ನನ್ನ ಕೈಮೇಲಿಟ್ಟು ಒತ್ತಿದರು. ಯಂತ್ರ ಚಾಲೂ ಆಯಿತು, ನಾನೊಂದು ಕೀ ಒತ್ತಿದೆ, ಷಡ್ಜ ಎದ್ದಿತು. ಒಂದು ಗುಂಡಿಯನ್ನು ಅರವಿಂದ ತುಸು ತಿರುವಿದ. ಆಮೇಲೆ ಒಂದು ಸ್ವರ ಇನ್ನೊಂದಕ್ಕೆ ಹಾರದೆ, ಗಾಂಧಾರದಿಂದ ರಿಷಭಕ್ಕೆ ನುಣ್ಣಗೆ ಜಾರಿ ಬಂತು. ತಮ್ಮ ಶಿಷ್ಯರ ಗಂಟಲಲ್ಲಿ ಆ ಮೀಂಡ್ ಕೂಡಿಸಲು ವರ್ಷಗಟ್ಟಲೆ ಹೆಣಗಿದ ಅತ್ಯಾ ಕಣ್ಣು ಮುಚ್ಚಿ ಅದರ ಬೆನ್ನು ಹತ್ತಿ ಹಾಡಿದರು. ನಾನು ಮೂರು ತಿಂಗಳು ಯಂತ್ರದೊಳಗೆ ಏನೇನಿದೆಯೆಂದು ನೋಡುತ್ತಿದ್ದೆ. ಅವರು ಇದರೊಡನೆ ಎಷ್ಟು ಹೊತ್ತು ಕೂಡಬಹುದೆಂದು ಐದು ನಿಮಿಷದಲ್ಲಿ ನೋಡಿಬಿಟ್ಟರು.

ಅದನ್ನೇ ಕೊಂಡೆವು. ಮನೆಗೆ ತಂದು ಪೂಜೆ ಮಾಡಿದೆವು. ವಾಯರು ಚೀಲದಲ್ಲೇ ಇತ್ತು, ನೀರು ಆರಿದ ಮೇಲೆ ಹೊರಗೆ ಬಂತು. ಹೊತ್ತು ಮುಳುಗುವವರೆಗೆ ಅವರು ಹಾಡಿದರು, ನಾನು ಷಡ್ಜ ಹಿಡಿದೆ.

ಸೋಮವಾರ ನಾನು ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬಿಸಿಲು. ಅಡುಗೆಮನೆಯಲ್ಲಿ ಅತ್ಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಇಷ್ಟು ದಿನಾ ನೀ ಬಂದು ಬಾಗಲದಾಗ ನಿಂತದ್ದು ನನಗ ತಿಳೀತಿತ್ತು. ನೀ ಹೋಗಿ ಮಲಗೂ ತನಕ ನನಗೂ ನಿದ್ದಿ ಇಲ್ಲ. ನಿನ್ನೆ ರಾತ್ರಿ ನೀ ಏಳಲಿಲ್ಲ, ನಾನೂ ಏಳಲಿಲ್ಲ. ಹಾಲಿನಾಂವ ಬಾಗಲಾ ಬಡದು ಬಡದು ಹೋಗ್ಯಾನ. ಕರೀ ಚಹಾ ಕುಡೀತೀಯೇನು?"