ಹೇಮಾಕ್ಷಿ ಟೀಚರಿಗೆ ಸಿಗದ ಕೀ

ದೇರೆಬೈಲಿನ ಆ ಹಂಚಿನ ಮಾಡಿನ ಕನ್ನಡ ಶಾಲೆಯಲ್ಲಿ ಒಂದು ಸ್ಲೈಡ್ ಪ್ರೊಜೆಕ್ಟರ್ ಇತ್ತು. ನಂಬಬೇಕು ನೀವು. ಮಕ್ಕಳೂ ಹಾಗೇ ನಂಬಿದ್ದರು, ಬೆಳಕು ಬಿಟ್ಟದ್ದನ್ನು ಒಮ್ಮೆಯೂ ಕಾಣದೆ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಹಳೆ ವಿದ್ಯಾರ್ಥಿಯೊಬ್ಬರು ಎಪ್ಪತ್ತಮೂರರಲ್ಲಿ ಕೊಟ್ಟದ್ದು. ಕೊಟ್ಟ ದಿನವೇ ಹೆಡ್‌ಮಾಸ್ಟ್ರು ಶೀನಪ್ಪನವರು ಅದನ್ನು ತಮ್ಮ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಜಡಿದು, ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ವರ್ಷಕ್ಕೊಮ್ಮೆ ಶಾಲೆಯ ಆಯುಧಪೂಜೆಗೆ ಯಂತ್ರ ಹೊರಗೆ ಬರುತ್ತಿತ್ತು. ಹೂ ಹಾಕಿ, ಗಂಧ ಕುಂಕುಮ ಹಚ್ಚಿ, ಆರತಿ ಎತ್ತಿ ಪುನಃ ಒಳಗಿಡುತ್ತಿದ್ದರು. ಮಕ್ಕಳಿಗೆ ಪಂಚಕಜ್ಜಾಯ ಸಿಗುತ್ತಿತ್ತು. ಶಾಲೆಯ ದೃಶ್ಯ ಶಿಕ್ಷಣ ಅಲ್ಲಿಗೆ ಸಂಪನ್ನವಾಗುತ್ತಿತ್ತು.

ಹೇಮಾಕ್ಷಿ ಟೀಚರ್ ವಿಜ್ಞಾನ ಕಲಿಸಲು ಈ ಶಾಲೆಗೆ ಸೇರಿದ ವರ್ಷವೇ ಬೇಸಗೆ ರಜೆಯ ತರಬೇತಿಗೆ ಹೋದರು. ಮನೆ ಕಟ್ಟುವ ಮೊದಲು ನಕ್ಷೆ ಹಾಕುವಂತೆ ಪಾಠಕ್ಕೂ ಹಾಕಬೇಕು, ಉದ್ದೇಶ ಬರೆಯಬೇಕು, ಉಪಕರಣ ಆರಿಸಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಟೀಚರಿಗೆ ಹುಚ್ಚೇ ಹಿಡಿಯಿತು. ಬಂದವರೇ ಬಣ್ಣದ ಕಾಗದ ಕತ್ತರಿಸಿ, ಫ್ಲಾನೆಲ್ ಬೋರ್ಡಿನ ಮೇಲೆ ಹೂವಿನ ಭಾಗಗಳನ್ನೆಲ್ಲ ಅಂಟಿಸಿ ನಿಂತರು. ಆಟಿ ತಿಂಗಳ ಜಡಿಮಳೆಯ ತೇವ ಕೇಳಬೇಕೇ? ದಳ, ಕೇಸರ ಎಲ್ಲ ಒಂದೊಂದಾಗಿ ನೆಲಕ್ಕೆ ಬಿದ್ದವು. ಹೂವೆಂದರೆ ಉದುರುವ ವಸ್ತು ಎಂಬುದನ್ನು ಮಾತ್ರ ಮಕ್ಕಳು ಬಹಳ ಚೆನ್ನಾಗಿ ಕಲಿತರು. ಟೀಚರಿಗೆ ಅಳು ಬಂತು. ಆದರೆ ಬಿಡುವ ಜಾತಿಯಲ್ಲ ಅವರು. ತನ್ನ ಬೋರ್ಡು ಚಂದ ಕಾಣುವುದಕ್ಕೂ ಮಕ್ಕಳ ತಲೆಗೆ ಹೋಗುವುದಕ್ಕೂ ಸಂಬಂಧವಿಲ್ಲ ಎಂದು ಅರ್ಥವಾದ ಮೇಲೆ, ಮೊದಲು ಮಕ್ಕಳಿಗೆ ಎಂತ ಗೊತ್ತುಂಟು ಎಂದು ಕೇಳಿ, ನಕ್ಷೆಯನ್ನು ಅಲ್ಲಿಂದ ಶುರುಮಾಡುವ ಅಭ್ಯಾಸ ಬೆಳೆಸಿಕೊಂಡರು. ಅದಕ್ಕೆ ವರ್ಷಗಳೇ ಹಿಡಿದವು.

ಅಷ್ಟು ವರ್ಷವೂ ಅವರ ಕಣ್ಣು ಆ ಕಪಾಟಿನ ಮೇಲೆ.

“ಒಂದು ಪೀರಿಯಡಿಗೆ ಕೊಡಿ ಸರ್. ನಾನೇ ಜಾಗ್ರತೆ ಮಾಡಿ ತಂದಿಡ್ತೇನೆ.”

“ಹಾಳಾಗ್ತದೆ ಟೀಚರ್.”

“ಉಪಯೋಗಿಸದಿದ್ದರೆ ಎಂತಕ್ಕೆ ಸರ್ ಅದು?”

“ಉಂಟಲ್ಲ, ಸಾಕಲ್ಲ. ಬೇರೆ ಯಾವ ಶಾಲೆಯಲ್ಲಿ ಉಂಟು ಹೇಳಿ, ನೋಡುವ.”

ನಾಯಿಗೆ ತೆಂಗಿನಕಾಯಿ ಸಿಕ್ಕಿದ ಹಾಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ತಾನೂ ತಿನ್ನದು, ಇನ್ನೊಬ್ಬರಿಗೂ ಬಿಡದು.

ಎಂಬತ್ತರ ಫೆಬ್ರವರಿಯಲ್ಲಿ ದೊಡ್ಡ ಸೂರ್ಯಗ್ರಹಣವಾಯಿತು. ಹಗಲು ಕತ್ತಲಾಗುವುದನ್ನು ನೋಡುವ ಭಾಗ್ಯ ಬಂದಾಗ ಊರಿಗೆ ಊರೇ ಕಿಟಿಕಿ ಬಾಗಿಲು ಮುಚ್ಚಿ ಒಳಗೆ ಕುಳಿತಿತ್ತು. ಮರುವಾರ ಆರನೇ ಕ್ಲಾಸಿನ ಆಶಾಲತಾ ಕೇಳಿದಳು: “ರಾಹು ನುಂಗಿದ್ದಂತೆ, ಹೌದಾ ಟೀಚರ್?” ಅಷ್ಟರಲ್ಲಿ ಘಟ್ಟದ ಮೇಲಿನ ಕಡೆಯವರಾದ ಹೊಸ ಇನ್‌ಸ್ಪೆಕ್ಟರರಿಂದ ಸುದ್ದಿ ಬಂತು. ಪ್ರೊಜೆಕ್ಟರಿನಲ್ಲಿ ಒಂದು ಪಾಠ ನೋಡಬೇಕು. ಬಳಸಲು ಬಾರದಿದ್ದರೆ ಯಂತ್ರವನ್ನು ಬೇರೆ ಶಾಲೆಗೆ ಕಳಿಸುವುದು. ಶೀನಪ್ಪನವರ ಮುಖ ಬಿಳಿಚಿತು. ಹೇಮಾಕ್ಷಿಯವರಿಗೂ ಹೆದರಿಕೆಯಾಯಿತು. ಹೋದರೆ ಹೋಯಿತು, ಇನ್ನು ತನ್ನ ಮಕ್ಕಳು ಅದನ್ನು ನೋಡುವ ಆಸೆಯೇ ಇಲ್ಲ. ಗ್ರಹಣದ ಪಾಠಕ್ಕೆ ನಕ್ಷೆ ಹಾಕಿದರು. ಮುಂಚಿನ ದಿನ ಒಮ್ಮೆ ಹಾಕಿ ನೋಡುವ ಎಂದು ಕೇಳಿದರು.

“ಇನ್‌ಸ್ಪೆಕ್ಟರ್ ಬಂದ ಮೇಲೆಯೇ ತೆಗೆಯುವುದು. ಅಲ್ಲಿವರೆಗೆ ಹೊಸತಾಗಿ ಇರ್ಲಿ,” ಎಂದರು ಹೆಡ್‌ಮಾಸ್ಟ್ರು.

ಇನ್‌ಸ್ಪೆಕ್ಟರ್ ಬಂದರು. ಕಿಟಿಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿ, ಯಂತ್ರದ ಜೊತೆ ಬಂದಿದ್ದ ಸ್ಲೈಡೊಂದನ್ನು ಇಟ್ಟು ಹೇಮಾಕ್ಷಿ ಟೀಚರ್ ಸ್ವಿಚ್ ಹಾಕಿದರು. ಗೋಡೆಯ ತುಂಬ ಮಸುಕು ಮಸುಕು ಕೆಂಪು, ಬೇರೇನಿಲ್ಲ.

“ಏನ್ರೀ ಇದು?”

“ಸೂರ್ಯೋದಯ, ಸರ್,” ಎಂದರು ಶೀನಪ್ಪನವರು.

“ಮುಂದಿನದ್ದು ಹಾಕ್ರಿ.”

ಮುಂದಿನದ್ದೂ ಅದೇ ಕೆಂಪು.

“ಇದು... ಸೂರ್ಯಾಸ್ತ, ಸರ್.”

ಮೂರನೆಯದಕ್ಕೆ ಹೆಡ್‌ಮಾಸ್ಟ್ರ ಬಳಿ ಸೂರ್ಯನ ಸ್ಟಾಕು ಮುಗಿದಿತ್ತು. ಹೇಮಾಕ್ಷಿಯವರು ಯಂತ್ರದ ಎದುರಿಗೆ ಬಗ್ಗಿ ನೋಡಿದರು. ಇಷ್ಟು ವರ್ಷದ ಗಂಧ ಕುಂಕುಮ ಸರಿಯಾಗಿ ಲೆನ್ಸಿನ ಮೇಲೆಯೇ ಒಣಗಿ ಗಟ್ಟಿಯಾಗಿ ಕೂತಿತ್ತು. ಯಂತ್ರಕ್ಕೂ ಹಣೆ ಹುಡುಕುವ ಭಕ್ತಿಯಲ್ಲಿ ಹೆಡ್‌ಮಾಸ್ಟ್ರು ಪ್ರತಿ ಸಲ ಅದರ ಕಣ್ಣಿಗೇ ಬಳಿದಿದ್ದರು. ಉಜ್ಜಿದರೂ ಬಿಡಲಿಲ್ಲ. ಟೀಚರಿಗೆ ಬಂದ ಸಿಟ್ಟಿಗೆ ಸ್ಲೈಡು ತೆಗೆದು, ಲೆನ್ಸನ್ನೇ ತಿರುಗಿಸಿ ಕಿತ್ತು ಮೇಜಿನ ಮೇಲಿಟ್ಟರು. ಬರಿಯ ಬೆಳಕು ಭಗ್ ಎಂದು ಹೊರಗೆ ಬಂತು.

ಬೆಳಕು ಉಂಟಲ್ಲ, ಸೂರ್ಯ ಆಯಿತು. ಇನ್‌ಸ್ಪೆಕ್ಟರರಿಗೆ ಕುಡಿಯಲು ತಂದ ಎಳನೀರಿನ ಬೊಂಡವನ್ನು ಎತ್ತಿ ಆಶಾಲತಾಳ ಕೈಗೆ ಕೊಟ್ಟರು, ಅದು ಭೂಮಿ. ಶರಬತ್ತಿಗೆ ಇಟ್ಟಿದ್ದ ಲಿಂಬೆಹುಳಿಯನ್ನು ದಾರದಲ್ಲಿ ಕಟ್ಟಿ ನಡುವೆ ತೂಗುಹಾಕಿ ಹಿಡಿದರು; ಅದು ಚಂದ್ರ. ಬೊಂಡದ ಮೇಲೆ ಕಪ್ಪು ನೆರಳು ಬಿತ್ತು.

“ಈ ನೆರಳಿನೊಳಗೆ ಇರುವವರಿಗೆ ಸೂರ್ಯ ಕಾಣ್ತದಾ?”

“ಇಲ್ಲ ಟೀಚರ್. ಲಿಂಬೆಹುಳಿ ಅಡ್ಡ ಉಂಟು.”

“ಹಾಗಾದ್ರೆ ರಾಹು ಎಲ್ಲಿದ್ದಾನೆ, ಹುಡುಕು.”

ಆಶಾಲತಾ ಬೊಂಡವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಎಲ್ಲಿಯೂ ಇಲ್ಲ ಟೀಚರ್,” ಎಂದಳು, ಸ್ವಲ್ಪ ಬೇಸರದಲ್ಲಿಯೇ.

ಇನ್‌ಸ್ಪೆಕ್ಟರ್ ಎದ್ದು ನಿಂತು ಶೀನಪ್ಪನವರ ಕೈ ಕುಲುಕಿದರು. “ಪ್ರೊಜೆಕ್ಟರನ್ನ ಹಿಂಗೆ ಬಳಸೋ ಶಾಲೆ ನಾನು ನೋಡೇ ಇಲ್ಲ ಕಣ್ರೀ. ಇದು ಇಲ್ಲೇ ಇರಲಿ,” ಎಂದು ಹೇಳಿ, ಭೂಮಿಯನ್ನು ಕೆತ್ತಿಸಿಕೊಂಡು ಕುಡಿದು ಹೋದರು. ಹೆಡ್‌ಮಾಸ್ಟ್ರಿಗೆ ಹೆಮ್ಮೆ ತಡೆಯಲಾಗಲಿಲ್ಲ. ಇಷ್ಟು ಹೆಸರು ತಂದ ಯಂತ್ರ ಹಾಳಾಗಬಾರದು ತಾನೆ? ಸಂಜೆಯೊಳಗೆ ಅದು ಪುನಃ ಕಪಾಟಿಗೆ ಹೋಯಿತು. ಕೀ ಇದ್ದದ್ದು ಮಾಸ್ಟ್ರ ಸೊಂಟದಲ್ಲಿ.

ಎಂಬತ್ತೈದರಲ್ಲಿ ಶೀನಪ್ಪನವರು ನಿವೃತ್ತರಾದರು. ಕುರ್ಚಿಯ ಜೊತೆ ಕೀಯೂ ಹೇಮಾಕ್ಷಿ ಟೀಚರ ಕೈಗೆ ಬಂತು. ಕಪಾಟು ತೆರೆದರೆ ಸ್ಲೈಡುಗಳಿಗೆ ಬೂಷ್ಟು ಹಿಡಿದಿತ್ತು, ವಯರನ್ನು ಇಲಿ ತಿಂದಿತ್ತು. ಅಷ್ಟು ಭದ್ರವಾಗಿ ಹಾಳಾದ ವಸ್ತುವನ್ನು ಅವರು ಬೇರೆಲ್ಲೂ ನೋಡಿರಲಿಲ್ಲ. ಅದೇ ವರ್ಷ ದುಬಾಯಿಯಲ್ಲಿದ್ದ ಹಳೆ ವಿದ್ಯಾರ್ಥಿ ಕಬೀರ್ ಶಾಲೆಗೆ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ. ಫಳಫಳ ಹೊಳೆಯುತ್ತಿತ್ತು. ಟೀಚರ್ ಅದನ್ನು ಖಾಲಿಯಾದ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಹೊಸತಾಗಿ ಸೇರಿದ ವಿನಿಫ್ರೆಡ್ ಟೀಚರ್ ಬಾಗಿಲಲ್ಲಿ ನಿಂತು ಕೇಳಿದರು: “ಮೇಡಂ, ಮಕ್ಕಳು ಓದಿದ್ದನ್ನು ಅವರಿಗೇ ಕೇಳಿಸಬೇಕಿತ್ತು. ಒಂದು ಪೀರಿಯಡಿಗೆ ಕೊಡ್ತೀರಾ?”

“ಹಾಳಾಗ್ತದೆ ಟೀಚರ್.”

ಮಾತು ಬಾಯಿಂದ ಬಿದ್ದಾಗಿತ್ತು. ಹೇಮಾಕ್ಷಿಯವರು ಕೈಯಲ್ಲಿದ್ದ ಕೀಯನ್ನು ನೋಡಿದರು. ಕೂತವರು ಬದಲಾದರೂ ಕುರ್ಚಿಯ ನಾಲಿಗೆ ಬದಲಾಗುವುದಿಲ್ಲವೋ ಏನೋ. ಮರುದಿನ ಆಚಾರಿಯನ್ನು ಕರೆಸಿ ಕಪಾಟಿನ ಬಾಗಿಲನ್ನೇ ಕಳಚಿಸಿದರು.

ಮುಂದಿನ ಆಯುಧಪೂಜೆಗೆ ಶೀನಪ್ಪನವರು ಅತಿಥಿಯಾಗಿ ಬಂದರು. ಬಾಗಿಲಿಲ್ಲದ ಕಪಾಟು ನೋಡಿದರು, ಒಂದು ಬಟನ್ ಹೋಗಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡಿದ್ದ ಟೇಪ್ ರೆಕಾರ್ಡರನ್ನೂ ನೋಡಿದರು.

“ನಾನು ಆಗಲೇ ಹೇಳಿದ್ದೆ, ಅಲ್ವಾ ಟೀಚರ್? ಹಾಳಾಗ್ತದೆ ಅಂತ.”

“ಹೌದು ಸರ್. ಮಕ್ಕಳು ಕೇಳಿ ಕೇಳಿ ಹಾಳು ಮಾಡಿದ್ರು.”

ಶೀನಪ್ಪನವರು ತಟ್ಟೆಯಿಂದ ಒಂದು ಚಿಟಿಕೆ ಕುಂಕುಮ ತೆಗೆದುಕೊಂಡು, ಅಭ್ಯಾಸಬಲದಿಂದ ಯಂತ್ರದ ನಟ್ಟನಡುವೆ ಕ್ಯಾಸೆಟ್ ಹಾಕುವ ಜಾಗಕ್ಕೇ ಕೈ ನೀಡಿದರು. ಹೇಮಾಕ್ಷಿಯವರು ಅವರ ಮಣಿಕಟ್ಟನ್ನು ಮೆಲ್ಲನೆ ಹಿಡಿದು ಪಕ್ಕಕ್ಕೆ ಸರಿಸಿದರು.

“ಬದಿಗೆ ಹಚ್ಚಿ ಸರ್. ಮಧ್ಯಾಹ್ನ ಕ್ಲಾಸಿಗೆ ಬೇಕು.”